ಬಂಡೆಯ ಮೇಲೆ ತಿರುಗಿ ನಿಂತ ನರಿ

ಬಂಡೆಗಳೇ ತುಂಬಿದ್ದ ಒಂದು ಕಾಡಿನಲ್ಲಿ ಮುಳ್ಳಜ್ಜಿ ಎಂಬ ಮುದಿ ಮುಳ್ಳುಹಂದಿ ಇದ್ದಳು. ಬೇಸಿಗೆಗೆ ಮೊದಲು ಅವಳು ದೇವರನ್ನು ನೆನೆದು, ಉದುರಿದ ತನ್ನ ಮುಳ್ಳನ್ನೇ ಕೆಮ್ಮಣ್ಣಿನಲ್ಲಿ ಅದ್ದಿ, ದೊಡ್ಡ ಬಂಡೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ಪ್ರಾಣಿಗಳೆಲ್ಲ ನೀರಿಗೆ ಹೊರಟ ಚಿತ್ರ ಅದು. ಬೇಸಿಗೆಯಲ್ಲಿ ಬತ್ತದೆ ಉಳಿಯುತ್ತಿದ್ದುದು ಮೂಡಣದ ಬುಗ್ಗೆಯೊಂದೇ. ಮರಿಗಳು ತಮ್ಮ ಮೊದಲ ಬೇಸಿಗೆಯಲ್ಲಿ ಆ ಚಿತ್ರ ನೋಡಿಕೊಂಡೇ ದಾರಿ ಹಿಡಿಯಬೇಕು. ಅದು ಅಲ್ಲಿಯ ಪದ್ಧತಿ.

ಅದಕ್ಕೇ ಚಿತ್ರದಲ್ಲಿ ಹುಲ್ಲು ಬಾಗಿದ್ದು, ಹಕ್ಕಿ ಹಾರಿದ್ದು, ಜಿಂಕೆ ಮೂತಿ ಚಾಚಿದ್ದು, ಎಲ್ಲವೂ ಮೂಡಣಕ್ಕೇ.

ಕೆಂಚ ಎಂಬ ನರಿಗೆ ಇದು ಹಿಡಿಸಲಿಲ್ಲ. "ಅಜ್ಜೀ, ಈ ಸಂತೆಯಲ್ಲಿ ನನ್ನನ್ನು ಯಾರು ನೋಡ್ತಾರೆ? ನನ್ನೊಬ್ಬನನ್ನು ಪಡುವಣಕ್ಕೆ ತಿರುಗಿಸು."

"ಬೇಡ ಮಗಾ. ಗೆರೆಗಳೆಲ್ಲ ಒಂದೇ ಕಡೆ ಹರಿದರೆ ನೋಡುವ ಕಣ್ಣೂ ಅತ್ತಲೇ ಹರಿಯುತ್ತೆ. ನೀನೊಬ್ಬ ತಿರುಗಿದರೆ ಕಣ್ಣು ನಿನ್ನಲ್ಲೇ ಸಿಕ್ಕಿಕೊಳ್ಳುತ್ತೆ."

ಕೆಂಚನಿಗೆ ಬೇಕಾದದ್ದೂ ಅದೇ! ಅಜ್ಜಿ ಮಣ್ಣು ತರಲು ಹೋದಾಗ ತನ್ನ ಚಿತ್ರ ಅಳಿಸಿ, ಪಡುವಣಕ್ಕೆ ಮುಖ ಮಾಡಿ ದೊಡ್ಡದಾಗಿ ಬರೆದುಕೊಂಡ. ಸುತ್ತಲ ಹುಲ್ಲನ್ನೂ ಅತ್ತಲೇ ಬಾಗಿಸಿದ. ಅಜ್ಜಿಯ ಕಣ್ಣು ಮಂಜಾಗಿತ್ತು.

"ಎಲ್ಲ ಸರಿಯಿದೆಯೇನಪ್ಪಾ?" ಎಂದು ಅವನನ್ನೇ ಕೇಳಿದಳು.

"ಬಲು ಸೊಗಸಾಗಿದೆ ಅಜ್ಜೀ!"

ಬೇಸಿಗೆ ಬಂತು. ಕೆಂಚನ ಮರಿಗೆ ಅದೇ ಮೊದಲ ಬೇಸಿಗೆ. ಒಂದು ಮಧ್ಯಾಹ್ನ ಮೊಲ ಏದುಸಿರು ಬಿಡುತ್ತಾ ಬಂತು.

"ಅಜ್ಜೀ, ಕೆಂಚನ ಮರಿ ಪಡುವಣದ ಒಣಹಳ್ಳದ ಕಡೆ ಹೋಯ್ತು! ಬುಗ್ಗೆ ಆ ಕಡೆಯಲ್ಲ ಕಣೋ ಅಂದೆ. 'ನಮ್ಮಪ್ಪ ಇತ್ತಲೇ ಹೊರಟಿದಾನೆ, ನೋಡು' ಅಂತ ಬಂಡೆ ತೋರಿಸ್ತು."

ಅಜ್ಜಿ ಬಂಡೆಯ ಮೇಲೆ ಅಂಗೈ ಆಡಿಸಿದಳು. ತನ್ನದಲ್ಲದ ದಪ್ಪ ಗೆರೆ ಕೈಗೆ ಸಿಕ್ಕಿತು. ಯಾರನ್ನೂ ಬೈಯಲಿಲ್ಲ. ಮೊಲವನ್ನು ಕೆಂಚನ ಬಳಿಗೆ ಓಡಿಸಿದಳು. "ಶಿವನೇ, ಮಗುವನ್ನು ಕಾಯಪ್ಪಾ" ಎನ್ನುತ್ತಾ ಉರಿಬಿಸಿಲಲ್ಲಿ ಪಡುವಣಕ್ಕೆ ನಡೆದಳು.

ಕೆಂಚ ಒಣಹಳ್ಳ ಮುಟ್ಟುವಾಗ ಹೊತ್ತು ಇಳಿದಿತ್ತು. ಕಾದ ಮರಳಿನಲ್ಲಿ ಮರಿ ಮಲಗಿತ್ತು. ಮುಳ್ಳುಗಳನ್ನು ಬಿಚ್ಚಿ, ಅದಕ್ಕೆ ನೆರಳಾಗಿ ಅಜ್ಜಿ ಕೂತಿದ್ದಳು. ದೇವರು ದಯಾಮಯ, ಮರಿ ಉಸಿರಾಡುತ್ತಿತ್ತು. ಅಜ್ಜಿಯ ಉಸಿರು ನಿಂತಿತ್ತು.

"ಅಜ್ಜೀ, ತಪ್ಪು ನನ್ನದು" ಎಂದ ಕೆಂಚ. ಕೇಳಿಸಿಕೊಳ್ಳಬೇಕಾದವಳೇ ಇರಲಿಲ್ಲ.

ಮರುದಿನ ಅವನು ತನ್ನ ಚಿತ್ರವನ್ನೂ ತಾನು ಬಾಗಿಸಿದ ಹುಲ್ಲನ್ನೂ ಅಳಿಸಿದ. ಸಾಲಿನ ಕೊನೆಯಲ್ಲಿ ಪುಟ್ಟದೊಂದು ಮುಳ್ಳುಹಂದಿಯನ್ನು ಬರೆದ. ಗೆರೆ ಸೊಟ್ಟಗಿತ್ತು. ಆದರೂ ಮೂಡಣಕ್ಕೇ ಹೊರಟಿತ್ತು.

"ಇದರಲ್ಲಿ ನೀನೆಲ್ಲಪ್ಪಾ?" ಎಂದಿತು ಮರಿ.

"ನಾನು ಬೇಡ ಮಗಾ. ಅಜ್ಜಿಯ ಹಿಂದೆ ಹೋಗು" ಎಂದ ಕೆಂಚ.

ನೀತಿ: ಎಲ್ಲರಿಗಾಗಿ ಮಾಡಿದ ಕೆಲಸದಲ್ಲಿ ತಾನೊಬ್ಬನೇ ಕಾಣಬೇಕೆಂದು ಹೊರಟರೆ, ತನ್ನನ್ನು ನಂಬಿದವರೇ ದಾರಿ ತಪ್ಪುತ್ತಾರೆ.