ಎರಡು ವಿಶ್ವವಿದ್ಯಾಲಯ ನೋಡಿ ಬಂದ ಹುಡುಗಿ

"ಗುರುಗಳೇ, ಕಂಪ್ಯೂಟರ್ ವಿಜ್ಞಾನ ಓದಲು ನನಗೆ ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿದೆ. ಒಂದಕ್ಕೆ ದೊಡ್ಡ ಹೆಸರು. ಇನ್ನೊಂದರ ಹೆಸರು ಹೆಚ್ಚು ಜನ ಕೇಳಿಲ್ಲ, ಆದರೆ ಅಲ್ಲಿಯ ಪಾಠ ನನಗೆ ಹಿಡಿಸಿತು. ಯಾವುದು ಒಳ್ಳೆಯದು?" ಎಂದು ಶಿಷ್ಯ ಸುಧನ್ವ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ವರ್ತಕನಿಗೆ ಒಬ್ಬಳು ಮಗಳಿದ್ದಳು. ಅವಳಿಗೂ ಇದೇ ವಿದ್ಯೆಯ ಮೇಲೆ ಮನಸ್ಸು. ಸೇರುವ ಮೊದಲು ಕಣ್ಣಾರೆ ನೋಡಿ ಬರುತ್ತೇನೆಂದು ಎರಡು ವಿಶ್ವವಿದ್ಯಾಲಯಗಳಿಗೆ ಹೋದಳು. ಹೆಸರಾದ ಕಡೆ ಎಲ್ಲವೂ ಚೆನ್ನಾಗಿತ್ತು. ಕಟ್ಟಡಗಳನ್ನು ತೋರಿಸಿದರು, ಅಲ್ಲಿ ಓದಿ ದೊಡ್ಡವರಾದವರ ವಿಷಯ ಹೇಳಿದರು, ಬೀಳ್ಕೊಟ್ಟರು. ಇನ್ನೊಂದು ಕಡೆ ಅವಳನ್ನು ಎದುರುಗೊಳ್ಳುವವರೇ ಇರಲಿಲ್ಲ. ಒಂದು ಕೋಣೆಯಲ್ಲಿ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಂದಿಗೆ ಕೂತು, ಆಸ್ಪತ್ರೆಯಲ್ಲಿ ರೋಗಿಗಳ ಸರದಿ ನೋಡಿಕೊಳ್ಳಲು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಿದ್ದರು. ಸರಿದು ಅವಳಿಗೂ ಜಾಗ ಕೊಟ್ಟರು. ಬಹಳ ಹೊತ್ತಿನ ಮೇಲೆ ಅವಳಿಗೇ ಆ ತಪ್ಪು ಹೊಳೆಯಿತು. ಸಾಲಿನಲ್ಲಿ ಕೊನೆಗೆ ನಿಂತ ರೋಗಿಯನ್ನು ಆ ಪ್ರೋಗ್ರಾಮು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಧ್ಯಾಪಕರು ಎದ್ದು ನಿಂತು ನಕ್ಕರು, ನಮ್ಮಲ್ಲಿಗೇ ಬಾ ತಾಯಿ ಎಂದರು. ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ತಂದೆಯ ಸ್ನೇಹಿತರು ಸಿಕ್ಕಿ, ಎಲ್ಲಿ ಸೇರುತ್ತೀಯಮ್ಮ ಎಂದು ಕೇಳಿದರು. ಚಿಕ್ಕದರ ಹೆಸರು ಬಾಯಿಗೆ ಬಂದಿತ್ತು. ಅದೆಲ್ಲಿದೆ ಎಂದು ಅವರು ಕೇಳಿಬಿಟ್ಟರೆ? ಅವಳು ದೊಡ್ಡದರ ಹೆಸರು ಹೇಳಿದಳು. ಅವರು ತಲೆದೂಗಿದರು. ಮಾತು ಊರಿಗೆಲ್ಲ ಹಬ್ಬಿತು, ಅವಳು ಅಲ್ಲಿಯೇ ಸೇರಿದಳು. ಚೆನ್ನಾಗಿ ಓದಿದಳು, ಮೇಲೆ ಬಂದಳು.

ಎಷ್ಟೋ ವರ್ಷಗಳ ಮೇಲೆ, ಒಂದು ವಿದ್ವತ್ಸಭೆಯಲ್ಲಿ ಅವಳು ತನ್ನ ಹಳೆಯ ಸಹಪಾಠಿಗಳ ನಡುವೆ ಚಹಾ ಕುಡಿಯುತ್ತ ನಿಂತಿದ್ದಾಗ, ಮುದುಕರೊಬ್ಬರು ಹತ್ತಿರ ಬಂದರು. ಅದೇ ಅಧ್ಯಾಪಕರು.

"ಅಂದು ನಮ್ಮ ಪ್ರೋಗ್ರಾಮಿನ ತಪ್ಪು ಹಿಡಿದುಕೊಟ್ಟವಳು ನೀನೇ ಅಲ್ಲವೇ, ತಾಯಿ? ಆ ವರ್ಷ ನೀನು ಬರುತ್ತೀಯೆಂದು ಕಾದಿದ್ದೆವು."

ಸಹಪಾಠಿಗಳು ಅವಳತ್ತ ತಿರುಗಿ ನೋಡಿದರು.

"ಇಲ್ಲ ಸರ್, ಬೇರೆ ಯಾರೋ ಇರಬೇಕು," ಎಂದಳು.

ಅವರು ಕೈಮುಗಿದರು. ವಯಸ್ಸಾಯಿತು, ಕಣ್ಣು ಸರಿಯಾಗಿ ಕಾಣುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ಏಕವಚನದಲ್ಲಿ ಮಾತಾಡಿಸಿದ್ದಕ್ಕೂ ಕ್ಷಮೆ ಕೇಳಿ ಹೊರಟುಹೋದರು. ಹಿಂದೆಯೇ ಓಡಿ ಹೋಗಿ ನಾನೇ ಎಂದು ಹೇಳಬೇಕೆಂದು ಅವಳಿಗೆ ಅನಿಸಿತು, ಆದರೆ ಸಹಪಾಠಿಗಳ ನಡುವೆಯೇ ನಿಂತಳು. ಆಮೇಲೆ ಯಾವ ಸಭೆಗೆ ಹೋದರೂ ಅವಳು ಮೊದಲು ಅವರ ಮುಖ ಹುಡುಕುತ್ತಿದ್ದಳು. ಅವರು ಮತ್ತೆ ಸಿಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹಾಗಾದರೆ ಅವಳು ಸೇರಿದ ವಿಶ್ವವಿದ್ಯಾಲಯ ಒಳ್ಳೆಯದಾಗಿರಲಿಲ್ಲವೇ ಎಂದು ಸುಧನ್ವ ಮೆಲ್ಲಗೆ ಕೇಳಿದ. ಒಳ್ಳೆಯದೇ ಆಗಿತ್ತು ಎಂದರು ಗುರುಗಳು. ಆಮೇಲೆ ಅವರೇ ಕೇಳಿದರು:

"ನೀನು ತಿಳಿಯಲು ಬಂದದ್ದು ಯಾವುದು ಒಳ್ಳೆಯದೆಂದೋ, ಯಾವುದರ ಹೆಸರು ಹೇಳಲು ನಾಚಿಕೆಯಾಗದೆಂದೋ?"