ಹೆಬ್ಬೆರಳಿನ ನಾಡಿ

"ಸೂಜಿ ಹಿಡಿದರೆ ಕೈ ನಡುಗುವ ಹುಡುಗಿಯನ್ನು ನರ್ಸ್ ಮಾಡುವುದು ಹೇಗಮ್ಮ? ಈ ಕೆಲಸಕ್ಕೆ ಬಾರದವಳು ಎಂದು ಪ್ರಿನ್ಸಿಪಾಲರಿಗೆ ಬರೆದುಬಿಡಲೇ?"

ಕೇಳಿದವಳು ವಾರ್ಡಿನ ಸಿಸ್ಟರ್ ಎವ್ಲಿನ್. ಕೇಳಿಸಿಕೊಂಡವಳು ಮುದಿ ಆಯಾ ಸಣ್ಣೀರಮ್ಮ. ರೋಗಿಯನ್ನು ಮಗ್ಗುಲು ಹೊರಳಿಸುವುದನ್ನು ಎವ್ಲಿನ್‌ಗೆ ಮೊದಲು ಕಲಿಸಿದವಳು ಅವಳೇ. ಕೆಲಸ ಬಿಟ್ಟು ವರ್ಷಗಳಾದರೂ ಗುರು ಗುರುವೇ.

ಸಣ್ಣೀರಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು:

"ಒಂದು ಆಸ್ಪತ್ರೆ. ಅಲ್ಲೊಬ್ಬಳು ಕಲಿಯುವ ಹುಡುಗಿ. ಅಲ್ಲೊಬ್ಬಳು ಆಯಾ, ಬಾಯಿಬಡುಕಿ. ನಾನೇ ಅನ್ನು, ಮುಚ್ಚಿಡುವುದೇನು.

ಒಂದು ಬೆಳಿಗ್ಗೆ ಡಾಕ್ಟರು ಚಾರ್ಟ್ ನೋಡಿ ಗಾಬರಿಯಾದರು. ಹನ್ನೆರಡು ರೋಗಿಗಳಿಗೂ ನಾಡಿ ನೂರ ಮೂವತ್ತು. ಕಾಲು ಮುರಿದವನಿಗೂ ಅಷ್ಟೇ, ನಾಳೆ ಮನೆಗೆ ಹೋಗುವವನಿಗೂ ಅಷ್ಟೇ. ಆಗಿನ ಸಿಸ್ಟರ್ ಹುಡುಗಿಯನ್ನು ಕರೆದು, 'ಹೇಗೆ ಎಣಿಸಿದೆ, ತೋರಿಸು' ಎಂದಳು. ಹುಡುಗಿ ರೋಗಿಯ ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟಳು.

'ಹೆಬ್ಬೆರಳಿಗೆ ಅದರದೇ ಬಡಿತ ಇರುತ್ತದೆ ಎಂದು ಮೊದಲ ದಿನವೇ ಹೇಳಿಲ್ಲವೇನೇ? ಹನ್ನೆರಡು ಜನರ ಹೆಸರಲ್ಲಿ ನಿನ್ನ ನಾಡಿಯನ್ನೇ ಬರೆದಿದ್ದೀಯಲ್ಲೇ ಹೆಡ್ಡಿ!'

ವಾರ್ಡೆಲ್ಲ ನಕ್ಕಿತು. ಕಾಲು ಮುರಿದವನು ಕಾಲು ಹಿಡಿದುಕೊಂಡು ನಕ್ಕ.

ನನಗೋ ಹಬ್ಬ. ಸುದ್ದಿಯನ್ನು ಅಡುಗೆಮನೆಗೆ ಒಯ್ದೆ, ಬಟ್ಟೆ ಒಗೆಯುವಲ್ಲಿಗೆ ಒಯ್ದೆ, ಹಾಸ್ಟೆಲಿನ ಬಾಗಿಲಿಗೂ ಮುಟ್ಟಿಸಿದೆ. ಹೋದಲ್ಲೆಲ್ಲ ಒಂದು ಚಿಟಿಕೆ ಖಾರ ಬಿತ್ತು. 'ಎದೆ ಅಷ್ಟು ಬಡಿದುಕೊಳ್ಳಬೇಕಾದರೆ ಯಾವನನ್ನೋ ನೆನೆದಿರಬೇಕು' ಎಂದೆ. ಸಂಜೆಯೊಳಗೆ ಆ ಯಾವನಿಗೋ ಹೆಸರೂ ಸಿಕ್ಕಿತು, ಮೀಸೆಯೂ ಬಂತು. ಹುಡುಗಿಯನ್ನು ಎಲ್ಲರೂ 'ಹೆಬ್ಬೆರಳು' ಎಂದೇ ಕರೆದರು.

ಈ ಚಾರ್ಟಿನ ಗಲಾಟೆಗೂ ಹದಿನೈದು ದಿನ ಮೊದಲಿನಿಂದಲೇ ಅವಳ ತಟ್ಟೆ ಒಂದು ತುತ್ತೂ ಕಡಿಮೆಯಾಗದೆ ವಾಪಸು ಬರುತ್ತಿತ್ತು. ಅದಕ್ಕೂ ಮೊದಲು ಒಂದು ಕೂಸು ಅವಳ ಕೈಯಲ್ಲೇ ಸತ್ತಿತ್ತು. ಮರುಗಳಿಗೆಯೇ ಅವಳನ್ನು ಬೇರೆ ಹಾಸಿಗೆ ಹಾಸಲು ಕಳಿಸಿದ್ದರು. ಎರಡೂ ನನಗೆ ಗೊತ್ತಿತ್ತು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಅವಳಪ್ಪ ಬಂದು ಟ್ರಂಕು ಹೊತ್ತುಕೊಂಡ. ಹಿಂದೆ ಅವಳು ತಲೆ ತಗ್ಗಿಸಿ ನಡೆದಳು. ಅವಳ ಕಣ್ಣಿಗೆ ಬೀಳಬಾರದೆಂದು ನಾನು ಗೇಟಿನ ಕಂಬದ ಹಿಂದೆ ನಿಂತೆ. ಮತ್ತೆ ಅವಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲವಂತೆ."

ಎವ್ಲಿನ್, "ಆದರೂ ಸಿಸ್ಟರ್ ತಿದ್ದಿದ್ದರಲ್ಲಿ ತಪ್ಪೇನಮ್ಮ? ಬೆರಳು ತಪ್ಪಾಗಿತ್ತಲ್ಲ?" ಎಂದಳು.

"ಬೆರಳು ತಪ್ಪೇ. ಆದರೆ ಆ ನೂರ ಮೂವತ್ತು ಅವಳದೇ ನಾಡಿ ಎಂದು ತಿಳಿದ ಮೇಲೂ ನಾವು ಚಾರ್ಟನ್ನಷ್ಟೇ ತಿದ್ದಿದೆವು ಮಗಳೇ, ಅವಳ ಕೈ ಹಿಡಿದು ನೋಡಲಿಲ್ಲ."