ಗಂಟಿನಲ್ಲಿ ಉಳಿದ ಕುಂಬಳದ ಬೀಜ

“ಅಯ್ಯನವರೇ, ನಾನು ದೇವಾಲಯಕ್ಕೆ ಗೋಡೆಗಡಿಯಾರ ಕೊಟ್ಟೆ. ಜಯವಂತ ಒಂದು ಚಾಪೆ ಕೊಟ್ಟ. ಸಭೆಯವರೆಲ್ಲ ಚಾಪೆಯನ್ನೇ ಹೊಗಳುತ್ತಾರೆ. ನನ್ನ ಕಾಣಿಕೆ ದೇವರಿಗೆ ಮುಟ್ಟಿತೋ ಇಲ್ಲವೋ?” ಎಂದು ಶಿಷ್ಯನಾದ ಸತ್ಯಮಿತ್ರ ಕೇಳಿದ.

ಚರ್ಚಿನ ಉಪದೇಶಿಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿನ ಸಭೆಯಲ್ಲಿ ಒಂದು ರೂಢಿ. ಸುಗ್ಗಿಯ ಭಾನುವಾರ ಎಲ್ಲರೂ ತಮ್ಮ ಬೆಳೆಯ ಪ್ರಥಮಫಲ ತರುವರು. ಎಲ್ಲಕ್ಕಿಂತ ದೊಡ್ಡ ಸಿಹಿಗುಂಬಳವನ್ನು ಬಲಿಪೀಠದ ಮುಂದೆ ನಡುವಿನಲ್ಲಿಡುವರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದನ್ನೇ ಹೆಚ್ಚಿ ಹುಳಿ ಮಾಡಿ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವರು.

ಆ ನಡುವಿನ ಜಾಗ ವರ್ಷವೂ ನೆರೆಮನೆಯಾಕೆಯ ಕಾಯಿಗೆ ಸಿಗುತ್ತಿತ್ತು. ಅವಳದು ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಬಳ್ಳಿ. ಬೇಲಿ ದಾಟಿ ಹರಿದರೆ ಹರಿಯಲಿ, ದಾರಿಹೋಕರು ಕಿತ್ತರೆ ಕೀಳಲಿ ಎಂದು ಬಿಟ್ಟಿದ್ದಳು. ಹಾಗಿದ್ದೂ ಅವಳ ಕಾಯಿಯೇ ದೊಡ್ಡದು. ರೈತನಿಗೆ ಇದನ್ನು ಸಹಿಸಲಾಗಲಿಲ್ಲ. ಕೀರ್ತನೆ ಹಾಡುವಾಗಲೂ ಅವನ ಕಣ್ಣು ಆ ಕಾಯಿಯ ಮೇಲೆಯೇ.

ಒಂದು ವರ್ಷ ಅವನು ದೂರದ ಊರಿನಿಂದ ಬೀಜ ತಂದ. ಬಳ್ಳಿಯ ಹೀಚುಗಳನ್ನೆಲ್ಲ ಚಿವುಟಿ ಒಂದನ್ನೇ ಉಳಿಸಿದ. ಮನೆಯವರಿಗೆ ಪಲ್ಯಕ್ಕೂ ಕಾಯಿ ಇಲ್ಲ. ದಾರ ಹಿಡಿದು ತನ್ನ ಕಾಯಿಯ ಸುತ್ತಳತೆ ನೋಡುವನು. ಬೇಲಿಯಾಚೆ ಬಗ್ಗಿ ಅವಳದನ್ನೂ ಅಳೆಯುವನು.

ಹೆಂಡತಿ ನೋಡಿ ನಕ್ಕಳು. “ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಕದಿಯದೇ ಮುಟ್ಟಿಕೊಳ್ಳುತ್ತಿದ್ದೀರಲ್ಲ!”

“ನಿನಗೇನು ಗೊತ್ತು, ಸುಮ್ಮನಿರು. ಇದು ದೇವರಿಗೆ” ಎಂದ.

ಕೊಡುವುದರಲ್ಲಿ ಭೇದವೆಣಿಸದ ದೇವರು ಅವನ ಬಳ್ಳಿಗೂ ಬಿಸಿಲು ಕೊಟ್ಟ, ಮಳೆ ಕೊಟ್ಟ. ಆ ಭಾನುವಾರ ಇಬ್ಬರು ಹೊತ್ತು ತಂದ ಅವನ ಕಾಯಿ ನಡುವಿನಲ್ಲಿ ಕೂತಿತು. ನೆರೆಮನೆಯಾಕೆಯದು ಪಕ್ಕಕ್ಕೆ ಸರಿಯಿತು. ಅವಳು ಓಡಿ ಬಂದಳು.

“ಅಣ್ಣಾ, ಎಂಥಾ ಕಾಯಿ! ಇದರ ನಾಲ್ಕು ಬೀಜ ನನಗೂ ಕೊಡು. ಬರುವ ವರ್ಷ ದೇವರ ಮುಂದೆ ಇಂಥವು ಎರಡು ಇರಲಿ.”

ರೈತನ ಮುಖ ಕಪ್ಪಿಟ್ಟಿತು. ಅವನು ನೇರವಾಗಿ ಅಡುಗೆಯವರ ಬಳಿ ಹೋದ. “ಕಾಯಿ ನಿಮ್ಮದು. ಬೀಜ ಮಾತ್ರ ನನಗೆ ಬೇಕು. ಒಂದೂ ಕೆಳಗೆ ಬೀಳಬಾರದು.”

“ದೇವರಿಗೆ ಕೊಟ್ಟ ಮೇಲೆ ಮತ್ತೆ ಕೇಳುವುದುಂಟೇ, ಮಾರಾಯಾ?” ಎಂದು ಅಡುಗೆಯವಳು ಬೆರಗಾದಳು. ಆದರೂ ತೆಗೆದುಕೊಟ್ಟಳು.

ಎಲ್ಲರೂ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅವನು ಮೂಲೆಯಲ್ಲಿ ಕೂತು, ಹಸಿಬೀಜವನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟುತ್ತಿದ್ದ. ತನ್ನ ಕಾಯಿಯ ರುಚಿಯನ್ನು ಅವನೊಬ್ಬನೇ ನೋಡಲಿಲ್ಲ.

ಬೀಜವನ್ನು ಬಿಸಿಲಿಗೆ ಹರವಿ ಒಣಗಿಸಬೇಕೆಂದು ರೈತನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅಂಗಳದಲ್ಲಿ ಹರವಿದರೆ ನೆರೆಮನೆಯಾಕೆ ನೋಡುವಳು, ಒಂದೆರಡು ಆರಿಸಿಕೊಂಡಾಳು. ಅದಕ್ಕೇ ಗಂಟನ್ನು ಹಾಗೆಯೇ ಅಟ್ಟಕ್ಕೆ ಸೇರಿಸಿದ.

ಬಿತ್ತುವ ಕಾಲ ಬಂತು. ಗಂಟು ಬಿಚ್ಚಿದರೆ ಬೂಷ್ಟಿನ ವಾಸನೆ. ಒಂದು ಬೀಜವೂ ಕೊಳೆಯದೆ ಉಳಿದಿರಲಿಲ್ಲ.

ಅವನ ಹೆಂಡತಿಯಿಂದ ಸುದ್ದಿ ತಿಳಿದ ನೆರೆಮನೆಯಾಕೆ ಸೆರಗಿನಲ್ಲಿ ಬೀಜ ತುಂಬಿಕೊಂಡು ಬಂದಳು. “ನನ್ನವು ಅಷ್ಟು ದೊಡ್ಡ ಜಾತಿಯವಲ್ಲ ಅಣ್ಣಾ. ಆದರೂ ತಗೋ, ದೇವರ ಮುಂದೆ ನಿನ್ನ ಕಾಯಿ ಇಲ್ಲದಿದ್ದರೆ ಹೇಗೆ?” ಎಂದು ಅವನ ಮುಂದೆ ಸುರಿದಳು.

ರೈತ ಮೊದಲು ನೋಡಿದ್ದು ಬೀಜವನ್ನಲ್ಲ. ಅವಳು ತನಗೆಂದು ಎಷ್ಟು ಉಳಿಸಿಕೊಂಡಿದ್ದಾಳೆ ಎಂದು ಸೆರಗನ್ನು ನೋಡಿದ. ಸೆರಗು ಬರಿದಾಗಿತ್ತು.

ಉಪದೇಶಿಗಳು ಅಲ್ಲಿಗೆ ನಿಲ್ಲಿಸಿದರು.

“ಅಯ್ಯನವರೇ, ಆ ರೈತ ಬೀಜ ತೆಗೆದುಕೊಂಡನೇ?” ಎಂದು ಸತ್ಯಮಿತ್ರ ಕೇಳಿದ.

“ಅದಿರಲಿ ಮಗನೇ, ಗಡಿಯಾರವನ್ನೇನೋ ದೇವರಿಗೆ ಕೊಟ್ಟೆ, ಅದರ ಹೊಗಳಿಕೆಯ ಬೀಜ ಯಾರ ಗಂಟಿನಲ್ಲಿದೆ?”